ಬೈತಖೋಲದ ಗೋಡೆಗೊರಗಿದ ಸೈಕಲ್ಲು

"ಜಗದೀಶ...!"

ಹದಿನಾಲ್ಕು ವರ್ಷ ಸಂಸಾರ ಮಾಡಿಯೂ ಒಮ್ಮೆಯೂ ಗಂಡನ ಹೆಸರು ಹಿಡಿದು ಕರೆಯದ ಚಂಪಾ, ಆ ಬೆಳಿಗ್ಗೆ ಕಾರವಾರದ ಕಡಲ ರಸ್ತೆಯ ನಡುವೆ ನಿಂತು, ಗಂಟಲು ಹರಿಯುವ ಹಾಗೆ ಆ ಹೆಸರನ್ನು ಕೂಗಿದಳು.

ತಲೆಯ ಮೇಲಿದ್ದ ಮೀನಿನ ಬುಟ್ಟಿ ಜಾರಿ ಬಿತ್ತು. ಬಂಗಡೆಗಳು ಡಾಂಬರಿನ ಮೇಲೆಲ್ಲ ಚೆಲ್ಲಿದವು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಜನವರಿಯ ಮಂಜಿನೊಳಗಿಂದ ಒಂದು ಸೈಕಲ್ಲು ಬರುತ್ತಿತ್ತು...

ಹಸಿರು ಫ್ರೇಮು, ಅದರ ಮೇಲೆ ಹಳದಿ ಪಟ್ಟಿ. ಬೋಟಿಗೆ ಬಳಿದು ಉಳಿದ ಬಣ್ಣದಲ್ಲಿ ಜಗದೀಶ ತನ್ನ ಕೈಯಾರೆ ಬಳಿದದ್ದು. ಒಂಬತ್ತು ವರ್ಷದ ಹಿಂದೆ ಕಡಲಿಗೆ ಹೋಗಿ ತಿರುಗಿ ಬಾರದ ಜಗದೀಶನ ಸೈಕಲ್ಲು!

ಆದರೆ ಸದ್ದಿಲ್ಲ. ಅವಳಿಗೆ ಬಾಯಿಪಾಠವಾಗಿದ್ದ ಆ ಟಿಕ್ ಟಿಕ್ ಟಿಕ್ ಇಲ್ಲ. ಸವಾರನ ಕಾಲುಗಳು ಮಾತ್ರ ಒಂದು ಗಳಿಗೆಯೂ ನಿಲ್ಲದೆ ತಿರುಗುತ್ತಿದ್ದವು. ಇಳುಕಲಿನಲ್ಲೂ ತಿರುಗುತ್ತಿದ್ದವು. ಬದುಕಿದ್ದ ಮನುಷ್ಯ ಯಾರಾದರೂ ಇಳುಕಲಿನಲ್ಲಿ ಪೆಡಲ್ ತುಳಿಯುತ್ತಾನಾ?

ಚಂಪಾ ಓಡಿ ಹೋಗಿ ಅಡ್ಡ ನಿಂತಳು.

"ಸರೀರಿ... ಸರೀರಿ ಮಾರಾಯ್ರೇ!" ಎಂದು ಸವಾರ ಕೂಗಿದ.

ಹಿಂದಿನ ಗಾಲಿ ಕಿರ್ರೆಂದು ಜಾರಿತು. ಸೈಕಲ್ಲು ಅವಳಿಂದ ಒಂದು ಮೊಳ ದೂರದಲ್ಲಿ ನಿಂತಿತು. ಅದರ ಮೇಲಿದ್ದವನು ದೆವ್ವವಲ್ಲ. ಐವತ್ತು ದಾಟಿದ, ನರೆತ ಗಡ್ಡದ, ಬೆವರಿನಲ್ಲಿ ತೋಯ್ದ ಒಬ್ಬ ಗಂಡಸು. ಜಗದೀಶನೂ ಅಲ್ಲ.

ಅವಳ ಎದೆ ಒಮ್ಮೆಲೇ ಖಾಲಿಯಾಯಿತು. ಆದರೂ ಕೈ ಕೇಳಲಿಲ್ಲ. ಸೀಟಿನ ಕೆಳಗಿನ ಕೊಳವೆಯನ್ನು ತಡಕಿತು. ಅಲ್ಲಿದ್ದವು! ಐದು ಬಿಳಿ ಬೊಟ್ಟುಗಳು. ಮದುವೆಯಾದ ವರ್ಷ, ಬಣ್ಣ ಹಸಿಯಿದ್ದಾಗ, "ನನ್ನದೂ ಒಂದು ಗುರುತು ಇರ್ಲಿ" ಎಂದು ಅವಳೇ ಐದು ಬೆರಳು ಅದ್ದಿ ಒತ್ತಿದ್ದು. ಒಂದೊಂದೇ ಬೆರಳನ್ನು ಒಂದೊಂದು ಬೊಟ್ಟಿನ ಮೇಲಿಟ್ಟಳು. ಐದೂ ಸರಿಯಾಗಿ ಕೂತವು.

"ಇದು ನಿಮಗೆ ಎಲ್ಲಿ ಸಿಕ್ತು?"

ವಾಕಿಂಗಿಗೆ ಬಂದವರು ನಾಲ್ಕು ಜನ ಸೇರಿದ್ದರು. ಆ ಮನುಷ್ಯ ಅವರನ್ನು ನೋಡಿದ, ಇವಳ ಕೊರಳಿನ ಕರಿಮಣಿ ನೋಡಿದ, ಬೊಟ್ಟಿನ ಮೇಲಿದ್ದ ಬೆರಳುಗಳನ್ನು ನೋಡಿದ.

"ಗುಜರಿಯಲ್ಲಿ ತಕಂಡದ್ದು... ತುಂಬಾ ವರ್ಷ ಆಯ್ತು" ಎಂದ.

ಅದು ಸುಳ್ಳಾಗಿತ್ತು. ಸಣ್ಣ ಸುಳ್ಳು, ಭಯಕ್ಕೆ ಹೇಳಿದ್ದು. ಆದರೆ ಸಣ್ಣ ಮುಳ್ಳೇ ಅಲ್ಲವೇ ಕಾಲಿನೊಳಗೆ ಮುರಿದು ಉಳಿಯುವುದು?

*

ಬೈತಖೋಲದ ಬಂದರಿನಲ್ಲಿ ಒಂದು ಉದ್ದ ಗೋಡೆಯಿದೆ. ಟ್ರಾಲರಿಗೆ ಹೋಗುವವರು ತಮ್ಮ ಸೈಕಲ್ಲುಗಳನ್ನು ಅದಕ್ಕೆ ಒರಗಿಸಿ ಹೋಗುತ್ತಾರೆ. ಬೀಗ ಹಾಕುವುದಿಲ್ಲ, ಯಾರೂ ಮುಟ್ಟುವುದೂ ಇಲ್ಲ.

ಆ ಡಿಸೆಂಬರಿನಲ್ಲಿ ಗಾಳಿ ಎದ್ದಿತು. ಜಗದೀಶನಿದ್ದ ಬೋಟು ಬರಲಿಲ್ಲ. ಎರಡು ಹಲಗೆ ಸಿಕ್ಕವು, ಅಷ್ಟೇ. ಹೆಣ ಸಿಗಲಿಲ್ಲ. ಗೋಡೆಗೆ ಒರಗಿದ್ದ ಸೈಕಲ್ಲು ಹಾಗೆಯೇ ಉಳಿಯಿತು.

ಅದನ್ನು ಮನೆಗೆ ತರುವ ಹಾಗಿರಲಿಲ್ಲ. ಬಂದರಿನ ಹೆಂಗಸರ ಲೆಕ್ಕದಲ್ಲಿ ಅದೊಂದು ಕಟ್ಟಳೆ. ಕಡಲಿಗೆ ಹೋದವನ ಸೈಕಲ್ಲನ್ನು ಅವನೇ ಬಂದು ತೆಗೆಯಬೇಕು. ಮನೆಯವರು ತೆಗೆದರೆ, ಅವನು ಬರುವುದಿಲ್ಲವೆಂದು ತಾವೇ ಹೇಳಿದ ಹಾಗೆ. ಹಾಗಾಗಿ ಚಂಪಾ ದಿನವೂ ಹರಾಜಿಗೆ ಹೋದಾಗ ದೂರದಿಂದ ಅದನ್ನು ನೋಡುತ್ತಿದ್ದಳು. ತುಕ್ಕು ಹಿಡಿಯುವುದನ್ನು, ಸೀಟಿನ ಮೇಲೆ ಕಾಗೆ ಕೂರುವುದನ್ನು... ಎಲ್ಲ ನೋಡಿದಳು. ಮುಟ್ಟಲಿಲ್ಲ.

ಅವನು ಹೋದ ಎಂಟನೇ ತಿಂಗಳು, ಜಡಿಮಳೆಯ ಒಂದು ಬೆಳಿಗ್ಗೆ, ಗೋಡೆಯ ಹತ್ತಿರ ಸೈಕಲ್ಲು ಇರಲಿಲ್ಲ!

"ನಾ ಹೇಳ್ಲಿಲ್ವಾ? ಬಂದಿದಾನೆ! ನನ್ನ ಮಗ ಬಂದು ಸೈಕಲ್ ತಕಂಡು ಹೋಗಿದಾನೆ" ಎಂದು ಅತ್ತೆ ಕಾಮಿ ಕುಣಿದಾಡಿದಳು. ಅಂದಿನಿಂದ ಇಂದಿನವರೆಗೂ ಮುದುಕಿ ದಿನವೂ ಮಗನ ಪಾಲಿನ ಮೀನು ತೆಗೆದು ಮುಚ್ಚಿಡಿಸುತ್ತಾಳೆ.

ಆದರೆ ಚಂಪಾ?

ಅವಳ ಎದೆಯಲ್ಲಿ ಬೇರೆಯೇ ಒಂದು ಪ್ರಶ್ನೆ ಬೇರುಬಿಟ್ಟಿತು. 'ಬಂದದ್ದು ಹೌದಾದರೆ... ಬಂದರಿನ ತನಕ ಬಂದವನು ಮನೆಯ ತನಕ ಯಾಕೆ ಬರಲಿಲ್ಲ? ಸೈಕಲ್ಲು ಬೇಕಾಯಿತು, ನಾನು ಬೇಡವಾದೆನಾ?'

ಜಗದೀಶ ಇದ್ದಾಗ ದಿನವೂ ನಸುಕಿನಲ್ಲಿ ಬಂದರಿನಿಂದ ಬರುತ್ತಿದ್ದ. ಓಣಿಯ ತಿರುವಿನಲ್ಲಿ ಪೆಡಲ್ ತುಳಿಯುವುದು ನಿಲ್ಲಿಸುತ್ತಿದ್ದ. ಹಿಂದಿನ ಗಾಲಿಯ ಫ್ರೀವೀಲು ಟಿಕ್ ಟಿಕ್ ಎನ್ನುತ್ತಿತ್ತು. ಆ ಸದ್ದು ಕೇಳಿದೊಡನೆ ಚಂಪಾ ಚಹಾಕ್ಕೆ ಇಡುತ್ತಿದ್ದಳು. ಅವನು ಹೊಸ್ತಿಲು ದಾಟುವಾಗ ಚಹಾ ಕುದಿ ಬಂದಿರುತ್ತಿತ್ತು.

ಒಂಬತ್ತು ವರ್ಷಗಳಿಂದಲೂ ನಸುಕಿನಲ್ಲಿ ಆ ಸದ್ದು ಕೇಳುತ್ತದೆ. ಟಿಕ್... ಟಿಕ್... ಟಿಕ್... ಓಣಿಯ ತಿರುವಿನ ತನಕ ಬರುತ್ತದೆ, ಅಲ್ಲೇ ನಿಲ್ಲುತ್ತದೆ. ಚಂಪಾ ಎದ್ದು ಬಾಗಿಲು ತೆಗೆದರೆ ಯಾರೂ ಇರುವುದಿಲ್ಲ.

ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಊರು ಸುಮ್ಮನೆ ಬಿಡುತ್ತದೆಯೇ? ಮಂತ್ರಿಸಿದ ದಾರ ಕಟ್ಟಿಸುತ್ತದೆ.

*

ಮೂರನೇ ದಿನ ಚಂಪಾ, ಸೈಕಲ್ಲಿನವನು ಅಂದು ಹೇಳಿದ್ದ ವಿಳಾಸ ಹಿಡಿದು, ಅಂಕೋಲೆಯ ಬಸ್ಸು ಹತ್ತಿದಳು.

ದೇವಾನಂದ ನಾಯಕರ ಸೈಕಲ್ ಅಂಗಡಿ ಪೇಟೆಯ ಒಂದು ಮೂಲೆಯಲ್ಲಿತ್ತು. ಮಾಡಿನಿಂದ ಹಳೆಯ ಫ್ರೇಮುಗಳು ತೂಗುತ್ತಿದ್ದವು. ತಂದೆಯ ಅಂಗಡಿ. ಇವನು ಬಸ್ ಮೆಕ್ಯಾನಿಕ್ಕಾಗಿ ಅರ್ಧ ಆಯುಸ್ಸು ಕಳೆದು, ಹಾಸಿಗೆ ಹಿಡಿದ ತಾಯಿಯನ್ನು ಕೊನೆಯ ತನಕ ನೋಡಿಕೊಂಡು, ಮದುವೆಯ ಮಾತು ಮರೆತು, ಐವತ್ತರ ಹೊತ್ತಿಗೆ ಶುಗರ್ ಹಿಡಿಸಿಕೊಂಡು ಮತ್ತೆ ಇಲ್ಲಿಗೇ ಬಂದಿದ್ದ. ಡಾಕ್ಟರು ನಡೆಯಿರಿ ಎಂದರು. ಇವನು ಸೈಕಲ್ಲು ತುಳಿಯತೊಡಗಿದ. ಗೇರಿಲ್ಲದ, ಫ್ರೀವೀಲೂ ಇಲ್ಲದ ಸೈಕಲ್ಲುಗಳನ್ನು ತಾನೇ ಕಟ್ಟಿ ತುಳಿಯುವ ಹುಚ್ಚು ಹಿಡಿಯಿತು. ಪೇಟೆಯವರು ನಗುತ್ತಿದ್ದರು, 'ಈ ವಯಸ್ಸಿಗೆ ಗಂಡಸರಿಗೆ ಮೊಮ್ಮಕ್ಕಳ ಹುಚ್ಚು ಹಿಡಿಯೂದು, ನಾಯಕರಿಗೆ ಚೈನಿನ ಹುಚ್ಚು ಹಿಡಿದಿದೆ' ಎಂದು.

"ಯಾವ ಗುಜರಿ? ಯಾರು ಮಾರಿದ್ರು? ಉದ್ದ ಇದ್ರಾ? ಎಡಗೆನ್ನೆ ಮೇಲೆ ಮಚ್ಚೆ ಇತ್ತಾ?"

ಬಾಗಿಲಲ್ಲೇ ನಿಂತು ಚಂಪಾ ಕೇಳಿದಳು. ದೇವಾನಂದನ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನ ಕೆಳಗೆ ಬಿತ್ತು.

"ನೆನಪಿಲ್ಲ, ಚಂಪಕ್ಕಾ..." ಎಂದ. ಹೆಸರನ್ನು ಆ ದಿನವೇ ಕೇಳಿ ತಿಳಿದುಕೊಂಡಿದ್ದ. "ಸೈಕಲ್ ನಿಮ್ದೇ. ಈಗ್ಲೇ ತಕಂಡು ಹೋಗಿ. ನಂಗೆ ಏನೂ ಕೊಡೂದು ಬೇಡ."

"ನಾನು ತಕಂಡು ಹೋಗುವ ಹಾಗಿಲ್ಲ."

"ಎಂತಕೆ?"

ಅವಳು ಹೇಳಿದಳು. ಗೋಡೆಯ ಕತೆ, ಕಟ್ಟಳೆಯ ಕತೆ, ಕಾಮಿ ಮುಚ್ಚಿಡಿಸುವ ಮೀನಿನ ಕತೆ. ಕೇಳುತ್ತ ಕೇಳುತ್ತ ದೇವಾನಂದನ ಮುಖ ಬಿಳಿಚಿಕೊಂಡಿತು. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳ ಕಣ್ಣು ನೋಡಿದ. ಅದರಲ್ಲೊಂದು ಸಣ್ಣ ಬೆಳಕಿತ್ತು... ಅದನ್ನು ಆರಿಸುವ ಧೈರ್ಯ ಅವನಿಗಾಗಲಿಲ್ಲ.

ಅವಳು ಸೈಕಲ್ಲನ್ನು ಸುಮ್ಮನೆ ಒಂದು ಹೆಜ್ಜೆ ಮುಂದೆ ತಳ್ಳಿದಳು. ಪೆಡಲುಗಳು ತಾವಾಗಿಯೇ ತಿರುಗಿದವು. ಕಾಣದ ಯಾರೋ ತುಳಿದ ಹಾಗೆ! ಚಂಪಾ ಬೆಚ್ಚಿ ಕೈ ಬಿಟ್ಟಳು.

"ಹೆದರ್ಬೇಡಿ. ಇದ್ರದ್ದು ಹಾಗೇ" ಎಂದು ದೇವಾನಂದ ಮೆಲ್ಲಗೆ ಹೇಳಿದ. "ಗಾಲಿ ತಿರುಗಿದಷ್ಟೂ ಹೊತ್ತು ಪೆಡಲೂ ತಿರುಗ್ತದೆ. ನಾವು ಸುಮ್ನೆ ಕೂರ್ತೇವೆ ಅಂದ್ರೆ ಇದು ಬಿಡೂದಿಲ್ಲ."

"ನಿಲ್ಲಿಸೂದು ಹ್ಯಾಗೆ ಮತ್ತೆ?"

"ಒಮ್ಮೆಲೇ ನಿಲ್ಲಿಸೂಕೆ ಹೋದ್ರೆ ಎತ್ತಿ ಒಗೀತದೆ. ಮೆಲ್ಲಗೆ... ಕಾಲಲ್ಲೇ ತಡೀತಾ ಬರ್ಬೇಕು."

ಚಂಪಾ ಬಹಳ ಹೊತ್ತು ಆ ಪೆಡಲನ್ನೇ ನೋಡುತ್ತಿದ್ದಳು. ಆಮೇಲೆ ಅವಳೇ ಅಂದುಕೊಂಡಿರದ ಮಾತು ಅವಳ ಬಾಯಿಂದ ಬಂತು.

"ನಂಗೆ ಕಲಿಸ್ತೀರಾ?"

*

ಭಾನುವಾರದ ಮಧ್ಯಾಹ್ನ, ಮಾರ್ಕೆಟ್ಟಿನ ಕೆಲಸ ಮುಗಿಸಿ ಚಂಪಾ ಅಂಕೋಲೆಗೆ ಬರುವುದು ರೂಢಿಯಾಯಿತು. ಸೀರೆ ಬಿಟ್ಟು ಚೂಡಿದಾರ ಹಾಕಿದಳು. ಮಾರ್ಕೆಟ್ಟಿನ ರೂಪಾಲಿ, ಅವಳ ಪಕ್ಕ ಕೂತು ಮೀನು ಮಾರುವವಳು, ಸುಮ್ಮನಿರಲಿಲ್ಲ.

"ಎಂತಾ ಚಂಪಾ, ನಲ್ವತ್ತೈದಕ್ಕೆ ಬಾಲೆ ಆದ್ಯಾ?"

"ಸುಮ್ನಿರು ಗೋ! ಮಂಡಿನೋವಿಗೆ ಒಳ್ಳೇದು ಅಂತೆ."

"ಹೌದು ಹೌದು... ಮಂಡಿನೋವಿಗೆ ಅಂಕೋಲಾದಲ್ಲಿ ಮಾತ್ರ ಮದ್ದು!"

ಮಂಜಗುಣಿಗೆ ಹೋಗುವ ರಸ್ತೆಯಲ್ಲಿ ದೇವಾನಂದ ಅವಳಿಗೆ ಕಲಿಸಿದ. ಮೊದಲು ಫ್ರೀವೀಲ್ ಇರುವ ಸಾದಾ ಸೈಕಲ್ಲು ಕೊಟ್ಟ. ಹತ್ತು ಮಾರು ಹೋಗಿ ಅವಳು ಪೆಡಲ್ ನಿಲ್ಲಿಸಿದಳು. ಟಿಕ್ ಟಿಕ್ ಟಿಕ್...

ಸೈಕಲ್ಲು ಅಲ್ಲೇ ಬಿಟ್ಟು ಚಂಪಾ ರಸ್ತೆಯ ಬದಿಗೆ ಕೂತುಬಿಟ್ಟಳು. ಎರಡೂ ಕಿವಿ ಮುಚ್ಚಿಕೊಂಡಳು.

"ಏನಾಯ್ತು?"

"ಈ ಸದ್ದು... ದಿನಾ ಬೆಳಿಗ್ಗೆ ನನ್ನ ಓಣಿಗೆ ಬರ್ತದೆ, ನಾಯಕರೇ. ತಿರುವಿನ ತನಕ ಬಂದು ನಿಲ್ತದೆ. ಮನೆಗೆ ಬರೂದಿಲ್ಲ."

ಒಂಬತ್ತು ವರ್ಷ ಯಾರಿಗೂ ಹೇಳದ ಮಾತು! ದೇವಾನಂದ ನಗಲಿಲ್ಲ. ದಾರ ಕಟ್ಟಿಸಿಕೋ ಎನ್ನಲಿಲ್ಲ. ಅಂಗಡಿಯಿಂದ ತಾನು ತುಳಿದು ತಂದಿದ್ದ ಸದ್ದಿಲ್ಲದ ಸೈಕಲ್ಲನ್ನು, ಒಂದು ಸಣ್ಣ ಫ್ರೇಮಿನದನ್ನು, ಅವಳ ಮುಂದೆ ನಿಲ್ಲಿಸಿದ.

"ಇದ್ರಲ್ಲಿ ಕಲೀರಿ. ಇದು ಏನೂ ಹೇಳೂದಿಲ್ಲ."

ಬಿದ್ದಳು, ಎದ್ದಳು. ಮೊಣಕೈ ತರಚಿತು. ಪೆಡಲು ಕಾಲನ್ನು ಎಳೆದುಕೊಂಡು ಹೋದಾಗ "ಆಯೀ ಗೋ!" ಎಂದು ಕೂಗಿದಳು. ಮಾರ್ಚ್ ಹೊತ್ತಿಗೆ ಮಂಜಗುಣಿಯ ತನಕ ಹೋಗಿ ಬರುವಷ್ಟಾದಳು. ಹೊಳೆಯ ಗಾಳಿ ಮುಖಕ್ಕೆ ಬಡಿಯುವಾಗ, ಪಕ್ಕದಲ್ಲಿ ದೇವಾನಂದನ ಕಾಲೂ ತನ್ನ ಕಾಲೂ ಒಂದೇ ಲಯದಲ್ಲಿ ತಿರುಗುವಾಗ, ಚಂಪಾಳಿಗೆ ತನ್ನೊಳಗೆ ಏನೋ ಸಡಿಲವಾದ ಹಾಗೆ ಅನಿಸುತ್ತಿತ್ತು. ಅವನು ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ತರಚಿದ ಮೊಣಕೈ ನೋಡಲು ಬಂದರೆ, ಮುಟ್ಟಲೋ ಬೇಡವೋ ಎಂದು ಅರೆಕ್ಷಣ ತಡೆಯುತ್ತಿದ್ದ. ಆ ಅರೆಕ್ಷಣ ಅವಳಿಗೆ ಬಹಳ ಇಷ್ಟವಾಗುತ್ತಿತ್ತು!

ಆದರೆ ಮನೆಗೆ ಬಂದು ಕರಿಮಣಿ ಮುಟ್ಟಿಕೊಂಡಾಗ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. 'ನಾನು ಯಾರು? ಹೆಂಡತಿಯಾ, ವಿಧವೆಯಾ? ಅವರು ಎಲ್ಲಿಯೋ ಬದುಕಿದ್ದು, ನಾನು ಇಲ್ಲಿ ಬೇರೊಬ್ಬರ ಜೊತೆ ನಗುತ್ತಿದ್ದರೆ?'

ನಸುಕಿನಲ್ಲಿ ಟಿಕ್ ಟಿಕ್ ಮತ್ತೂ ಜೋರಾಗಿ ಕೇಳತೊಡಗಿತು.

*

ಏಪ್ರಿಲಿನ ಒಂದು ಭಾನುವಾರ. ಹೊಳೆಯ ದಂಡೆಯ ಕಲ್ಲಿನ ಮೇಲೆ ಇಬ್ಬರೂ ಕೂತಿದ್ದರು. ಅಂಕೋಲೆಯ ಇಶಾಡು ಮಾವಿನಹಣ್ಣನ್ನು ದೇವಾನಂದ ಸುಲಿದು ಕೊಟ್ಟ. ಚಂಪಾ ತಿನ್ನಲಿಲ್ಲ.

"ನಾಯಕರೇ, ಒಂದು ಮಾತು ಹೇಳ್ತೆ, ಸಿಟ್ಟಾಗ್ಬೇಡಿ. ಇನ್ನು ನಾನು ಬರೂದಿಲ್ಲ."

ಅವನ ಕೈ ನಿಂತಿತು.

"ಎಂತಕೆ ಅಂದ್ರೆ... ಇಲ್ಲಿಗೆ ಬಂದ್ರೆ ಮನೆಗೆ ಹೋಗೂಕೆ ಮನ್ಸಾಗೂದಿಲ್ಲ. ನನ್ನಂಥವಳಿಗೆ ಅದು ಒಳ್ಳೇದಲ್ಲ. ಅವ್ರು ಆ ಸೈಕಲ್ ಗುಜರಿಗೆ ಮಾರಿದಾರೆ ಅಂದ್ರೆ ಎಲ್ಲೋ ಇದಾರೆ. ನನ್ನನ್ನು ಬೇಡ ಅಂದಿದಾರೆ, ಆದ್ರೂ ಇದಾರೆ. ಗಂಡ ಬದುಕಿದ್ದಾಗ ನಾನು..."

ಮುಂದಿನದು ಅಳುವಿನಲ್ಲಿ ಮುಳುಗಿತು.

ದೇವಾನಂದನಿಗೆ ತಾನು ಮಾಡಿದ್ದು ಏನೆಂದು ಆಗ ಪೂರ್ತಿ ಕಂಡಿತು. ಸುಮ್ಮನಿದ್ದರೆ ಇವಳು ಬದುಕಿಡೀ ಹೀಗೆಯೇ ಬೇಯುತ್ತಾಳೆ. ಹೇಳಿದರೆ, ಇನ್ನೆಂದೂ ತನ್ನ ಮುಖ ನೋಡಲಾರಳು. ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ಆರಿಸಿದ.

"ಚಂಪಕ್ಕಾ... ಮಾರಿದವ್ರು ಯಾರೂ ಇಲ್ಲ."

"ಅಂದ್ರೆ?"

"ಗುಜರಿ ಸುಳ್ಳು. ಆ ಮಳೆಗಾಲದಲ್ಲಿ ಒಂದು ಬೋಟಿನ ಇಂಜಿನ್ ನೋಡೂಕೆ ಬೈತಖೋಲಕ್ಕೆ ಬಂದಿದ್ದೆ. ಅದಕ್ಕೂ ಮೊದ್ಲು ಎರಡು ಸಲ ನೋಡಿದ್ದೆ, ಸೈಕಲ್ ಅಲ್ಲೇ ಇತ್ತು. ತುಕ್ಕು ಹಿಡೀತಿತ್ತು. ಯಾರೋ ಬಿಟ್ಟು ಹೋದದ್ದು ಅಂತ ಎಣಿಸ್ದೆ. ಮೀನುಗಾರಿಕೆ ಬಂದ್, ಕೇಳೂಕೂ ಯಾರೂ ಇರ್ಲಿಲ್ಲ. ರಿಕ್ಷಾಕ್ಕೆ ಹಾಕಂಡು... ನಾನೇ ತಂದೆ. ಏಳು ವರ್ಷ ಅಟ್ಟದ ಮೇಲಿತ್ತು. ಕಟ್ಟಿ ತುಳೀತಾ ಇರೂದು ಎರಡೇ ವರ್ಷದಿಂದ. ಕಾರವಾರದ ಕಡೆ ತಂದದ್ದು ನೀವು ಅಡ್ಡ ನಿಂತ ದಿನವೇ ಮೊದ್ಲು. ನಿಮ್ಮ ಗೋಡೆಯ ಕಟ್ಟಳೆ ನಮ್ಮ ಬದಿಯವ್ರಿಗೆ ಗೊತ್ತಿಲ್ಲ. ಗೊತ್ತಿದ್ರೆ ಮುಟ್ತಿರ್ಲಿಲ್ಲ, ದೇವರಾಣೆ."

ಹೊಳೆಯ ಮೇಲೆ ಒಂದು ದೋಣಿ ಹೋಯಿತು. ಅದು ಕಣ್ಣಿಗೆ ಮರೆಯಾಗುವ ತನಕ ಚಂಪಾ ಅದನ್ನೇ ನೋಡಿದಳು.

"ಹಾಗಾದ್ರೆ..." ಅವಳ ದನಿ ಎಲ್ಲಿಂದಲೋ ಬಂದ ಹಾಗಿತ್ತು. "ಅವ್ರು ಬರ್ಲೇ ಇಲ್ಲ."

"ಇಲ್ಲ."

"ಬಂದರಿನ ತನಕವೂ ಬರ್ಲಿಲ್ಲ."

"ಇಲ್ಲ, ಚಂಪಕ್ಕಾ."

"ಒಂಬತ್ತು ವರ್ಷ!" ಅವಳು ಎದ್ದು ನಿಂತಳು. "ಒಂಬತ್ತು ವರ್ಷ ನಾನು ಸತ್ತವ್ರ ಮೇಲೆ ಸಿಟ್ಟು ಮಾಡ್ಕಂಡು ಕೂತಿದ್ದೆ! ದೇವರ ಮುಂದೆ ದೀಪ ಹಚ್ಚುವಾಗ್ಲೂ ಶಾಪ ಹಾಕಿದ್ದೆ, ನನ್ನನ್ನು ಬಿಟ್ಟು ಹೋದ್ರಿ ಅಂತ... ಅವ್ರು ನೀರಿನಡಿಗೆ ಇದ್ರು. ನೀರಿನಡಿಗೆ ಇದ್ದವ್ರಿಗೆ ನಾನು ಶಾಪ ಹಾಕಿದೆ, ನಾಯಕರೇ!"

ದೇವಾನಂದನೂ ಎದ್ದು ನಿಂತ.

"ಆ ದಿನ ರಸ್ತೆಯಲ್ಲೇ ಹೇಳಿದ್ರೆ ಅಲ್ಲೇ ಅತ್ತು ಮುಗಿಸ್ತಿದ್ದೆ. ಇಷ್ಟು ಹತ್ರ ಕರ್ಕಂಡು ಬಂದು ಹೇಳಿದ್ರಲ್ಲ... ಈಗ ಎಷ್ಟು ಜನ್ರಿಗೆ ಅಳ್ಬೇಕು ನಾನು?"

ಕೇಳಿದವಳು ತಿರುಗಿ ನೋಡದೆ ನಡೆದಳು.

*

ಮುಂದಿನ ವಾರ ಬೈತಖೋಲದ ಗೋಡೆಯ ಹತ್ತಿರ ಗಲಾಟೆಯೋ ಗಲಾಟೆ.

"ಚಂಪಕ್ಕಾ, ಬೇಗ ಬಾ!" ಬಂದರಿನಲ್ಲಿ ಚಹಾ ಅಂಗಡಿ ಇಟ್ಟ ದತ್ತಾ ಏದುಸಿರು ಬಿಡುತ್ತ ಬಂದ. "ಜಗದೀಶಣ್ಣನ ಸೈಕಲ್!"

ಹಸಿರು ಫ್ರೇಮು, ಹಳದಿ ಪಟ್ಟಿ. ಒಂಬತ್ತು ವರ್ಷದ ಹಿಂದೆ ಯಾವ ಜಾಗದಲ್ಲಿ, ಯಾವ ವಾರೆಯಲ್ಲಿ ಒರಗಿತ್ತೋ ಅಲ್ಲೇ ಒರಗಿತ್ತು. ಹಳೆಯ ಹ್ಯಾಂಡಲ್ಲು, ಹಳೆಯ ಕ್ಯಾರಿಯರ್, ಹಿಂದಿನ ಗಾಲಿಗೆ ಮತ್ತೆ ಫ್ರೀವೀಲು. ಅಂಕೋಲೆಯಿಂದ ರಿಕ್ಷಾದಲ್ಲಿ ತರಬಹುದಿತ್ತು. ದೇವಾನಂದ ನಡೆದು ತಂದಿದ್ದ. ಮೂವತ್ತಕ್ಕೂ ಮಿಕ್ಕಿದ ಕಿಲೋಮೀಟರು, ಸೈಕಲ್ಲನ್ನು ತಳ್ಳಿಕೊಂಡು, ಒಂದು ಸಲವೂ ಹತ್ತದೆ. ಚಂಪಾ ಬರುವಷ್ಟರಲ್ಲಿ ಹೊರಟುಹೋಗಿದ್ದ.

"ಏನ್ ಹೇಳಿದ್ರು?" ಚಂಪಾ ಕೇಳಿದಳು.

"ಹೆಚ್ಚು ಮಾತಾಡ್ಲಿಲ್ಲ. 'ನಾನು ಇಲ್ಲಿಂದ ಕದ್ದದ್ದು, ಇಲ್ಲೇ ಇಡ್ತೆ. ತೆಗ್ಯೂದು ಬಿಡೂದು ಅವ್ರಿಗೆ ಬಿಟ್ಟದ್ದು' ಅಂದ್ರು. ಬಂದರಿನವ್ರು ಬೈದ್ರು, ಒಬ್ಬ ಹೊಡ್ಯೂಕೂ ಹೋದ. ಅವ್ರು ಸುಮ್ನೆ ನಿಂತಿದ್ರು. ಕಾಲೆಲ್ಲ ಬೊಬ್ಬೆ ಎದ್ದಿತ್ತು ಚಂಪಕ್ಕಾ."

ಅವಳು ಸೈಕಲ್ಲನ್ನು ಮುಟ್ಟಲಿಲ್ಲ. ಮನೆಗೆ ಬಂದು ಕಾಮಿಯ ಮುಂದೆ ಕೂತು, ಎಲ್ಲವನ್ನೂ ಹೇಳಿದಳು. ಮಂಜಗುಣಿಯ ಭಾನುವಾರಗಳನ್ನೂ ಬಿಡದೆ ಹೇಳಿದಳು.

ಮುದುಕಿ ಕೇಳಿದಳು. ಬೈಯಲಿಲ್ಲ, ಅಳಲೂ ಇಲ್ಲ. ಅಂದು ಸಹ ಮಗನ ಪಾಲಿನ ಮೀನು ತೆಗೆದಿಡಿಸಿದಳು.

ಮೇ ಮುಗಿಯುತ್ತ ಬಂತು. ಮೋಡ ಕಪ್ಪಿಟ್ಟಿತು. ಬೋಟುಗಳೆಲ್ಲ ದಡ ಸೇರಿದವು. ಒಂದು ಬೆಳಿಗ್ಗೆ ಕಾಮಿ ಕೋಲು ಹಿಡಿದು ಎದ್ದಳು.

"ಚಂಪಾ ಗೋ, ನನ್ನ ಬಂದರಿಗೆ ಕರ್ಕಂಡು ಹೋಗು."

ಗೋಡೆಯ ಹತ್ತಿರ ಬಂದು ಮುದುಕಿ ಸೈಕಲ್ಲಿನ ಹ್ಯಾಂಡಲ್ಲು ಮುಟ್ಟಿದಳು. ಸೀಟು ಮುಟ್ಟಿದಳು. ಮಗುವಿನ ತಲೆ ಸವರುವ ಹಾಗೆ ಸವರಿದಳು. ಮೊದಲ ಹನಿಗಳು ಬೀಳತೊಡಗಿದ್ದವು.

"ಮಳೆ ಬಂತು" ಎಂದಳು ಕಾಮಿ. "ಮನೆಗೆ ತಕಂಡು ಹೋಗ್ವಾ. ಒದ್ದೆಯಾಗ್ತದೆ."

"ಆಯೀ..."

"ನೀ ತೆಗೀ. ನನ್ನ ಕೈಯಲ್ಲಿ ಆಗೂದಿಲ್ಲ."

ಚಂಪಾ ಹ್ಯಾಂಡಲ್ಲು ಹಿಡಿದಳು. ಗೋಡೆಯಿಂದ ಬಿಡಿಸಿ ಒಂದು ಹೆಜ್ಜೆ ತಳ್ಳಿದಳು.

ಟಿಕ್... ಟಿಕ್... ಟಿಕ್...

ಅದೇ ಸದ್ದು! ಆದರೆ ಈ ಸಲ ಅದು ಓಣಿಯ ತಿರುವಿನಲ್ಲಿ ನಿಲ್ಲಲಿಲ್ಲ. ಅವಳ ಪಕ್ಕದಲ್ಲೇ ಬಂತು. ತಿರುವು ದಾಟಿತು, ಅಂಗಳ ದಾಟಿತು, ಹೊಸ್ತಿಲ ತನಕ ಬಂತು. ಅಲ್ಲಿ ಚಂಪಾ ಕುಸಿದು ಕೂತು, ಒಂಬತ್ತು ವರ್ಷದ ಅಳುವನ್ನು ಒಟ್ಟಿಗೆ ಅತ್ತಳು. ಕಾಮಿ ಅವಳ ತಲೆಯನ್ನು ಮಡಿಲಿಗೆ ಹಾಕಿಕೊಂಡಳು.

ಆ ವಾರ ಭಟ್ಟರು ಬಂದು, ದರ್ಭೆಯಲ್ಲಿ ಜಗದೀಶನ ರೂಪ ಮಾಡಿ, ಆಗಬೇಕಾದ ಕರ್ಮವನ್ನೆಲ್ಲ ಮಾಡಿಸಿದರು. ಕರಿಮಣಿ ತೆಗೆದು ಚಂಪಾ ಕಡಲಿಗೆ ಬಿಟ್ಟಳು. "ನಿಮ್ಮನ್ನು ಬೈದೆ, ತಪ್ಪಾಯ್ತು" ಎಂದು ನೀರಿಗೆ ಹೇಳಿದಳು. ಮರುದಿನ ನಸುಕಿನಲ್ಲಿ ಎಚ್ಚರವಾದಾಗ ಮಳೆಯ ಸದ್ದು ಮಾತ್ರ ಕೇಳಿತು.

ಮಗನ ಪಾಲಿನ ಮೀನನ್ನು ಕಾಮಿ ಆಮೇಲೆ ತೆಗೆದಿಡಿಸಲಿಲ್ಲ. ಬದಲಿಗೆ ಸೊಸೆಯ ತಟ್ಟೆಗೆ ಎರಡು ತುಂಡು ಹೆಚ್ಚು ಬೀಳತೊಡಗಿದವು.

*

ಆಗಸ್ಟಿನಲ್ಲಿ ನೂಲು ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಬಿಟ್ಟಾಯಿತು. ಬೋಟುಗಳು ಮತ್ತೆ ಹೊರಟವು. ಅದಾದ ಮೊದಲ ಭಾನುವಾರ ಚಂಪಾ ಬೇಗ ಎದ್ದು ಚೂಡಿದಾರ ಹಾಕಿದಳು.

"ಎಲ್ಲಿಗೆ ಗೋ?" ಎಂದಳು ಕಾಮಿ.

"ಸೈಕಲ್ಲಿನ ಚೈನು ಸಡಿಲ ಆಗಿದೆ ಆಯಿ... ರಿಪೇರಿಗೆ."

"ಕಾರವಾರದಲ್ಲಿ ಸೈಕಲ್ ಅಂಗಡಿಯೇ ಇಲ್ವಾ?"

ಚಂಪಾ ತಲೆ ತಗ್ಗಿಸಿದಳು. ಮುದುಕಿ ಬೊಚ್ಚು ಬಾಯಲ್ಲಿ ನಕ್ಕಳು.

"ಹೋಗು. ಕಾಲು ಬೊಬ್ಬೆ ಎದ್ದವನಿಗೆ ನಾನು ಕೇಳಿದೆ ಅಂತ ಹೇಳು."

ಬಿಣಗಾದ ಏರಿನಲ್ಲಿ ಇಳಿದು ತಳ್ಳಿದಳು. ಹಾರವಾಡದಲ್ಲಿ ಗಾಳಿ ಎದುರಾಯಿತು. ಅವರ್ಸಾ ಮುಟ್ಟುವಾಗ ತೊಡೆಗಳು ಉರಿಯುತ್ತಿದ್ದವು. ಒಂದೊಂದು ಇಳುಕಲಿನಲ್ಲೂ ಪೆಡಲ್ ನಿಲ್ಲಿಸಿ ಆ ಸದ್ದು ಕೇಳಿದಳು. ಹೆದರಿಕೆಯಾಗಲಿಲ್ಲ.

ದೇವಾನಂದ ಅಂಗಡಿಯ ಮುಂದೆ ಒಂದು ರಿಮ್ಮಿನ ಡೊಂಕು ತೆಗೆಯುತ್ತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಟಿಕ್ ಟಿಕ್ ಕೇಳಿ ತಲೆ ಎತ್ತಿದ. ಕೊರಳಲ್ಲಿ ಕರಿಮಣಿಯಿಲ್ಲದ ಚಂಪಾಳನ್ನು ನೋಡಿ ಎದ್ದು ನಿಂತ.

"ಗೋಡೆಯಿಂದ ನಾನೇ ತೆಗ್ದೆ" ಎಂದಳು ಚಂಪಾ, ಏದುಸಿರಿನ ನಡುವೆ.

"ಕೇಳಿದೆ... ದತ್ತಾ ಹೇಳಿದ."

"ಮತ್ತೆ ಬರ್ಲಿಲ್ಲ ಎಂತಕೆ?"

"ಯಾವ ಮುಖ ಹೊತ್ಕಂಡು ಬರೂದು? ನಿಮ್ಮ ಒಂಬತ್ತು ವರ್ಷ ಕದ್ದವ ನಾನು."

"ಸೈಕಲ್ ಕದ್ದದ್ದು ಗೊತ್ತಿಲ್ದೆ. ಸುಳ್ಳು ಹೇಳಿದ್ದು ಗೊತ್ತಿದ್ದೇ." ಅವಳ ಕಣ್ಣು ತುಂಬಿತು. "ಅದಕ್ಕೆ ಇನ್ನೂ ಸಿಟ್ಟಿದೆ ನಂಗೆ. ಇನ್ನೊಂದು ಸಲ ಹೇಳಿದ್ರೆ ಬಿಡೂದಿಲ್ಲ."

ಇನ್ನೊಂದು ಸಲ! ಆ ಮಾತು ಅರ್ಥವಾಗಲು ದೇವಾನಂದನಿಗೆ ಎರಡು ಗಳಿಗೆ ಬೇಕಾಯಿತು. ಅರ್ಥವಾದಾಗ ಕೈಯಲ್ಲಿದ್ದ ರಿಮ್ಮನ್ನು ಕೆಳಗಿಟ್ಟ.

"ಹಾಗಾದ್ರೆ ಒಂದು ನಿಜ ಹೇಳ್ತೆ" ಎಂದ ತೊದಲುತ್ತ. "ಈ ನಾಲ್ಕು ತಿಂಗಳು ಭಾನುವಾರ ಬಂದ್ರೆ ಅಂಗಡಿಯ ಬಾಗಿಲು ನೋಡ್ತಾ ಕೂತಿದ್ದೆ. ಐವತ್ತೆರಡು ವರ್ಷ ಒಬ್ನೇ ಇದ್ದೆ, ಏನೂ ಆಗಿರ್ಲಿಲ್ಲ. ಈಗ ಆಗೂದಿಲ್ಲ... ಚಂಪಾ."

ಅಕ್ಕ ಎಂಬುದು ಎಲ್ಲೋ ಬಿದ್ದುಹೋಗಿತ್ತು. ಚಂಪಾ ಅದನ್ನು ಹೆಕ್ಕಿಕೊಡಲಿಲ್ಲ.

"ನಂಗೂ ಆಗೂದಿಲ್ಲ" ಎಂದಳು ಮೆಲ್ಲಗೆ. ಆಮೇಲೆ ಕಣ್ಣೊರೆಸಿಕೊಂಡು, ದನಿ ಗಟ್ಟಿ ಮಾಡಿ, "ಈ ಸೈಕಲ್ ಅವ್ರದ್ದು. ಮನೆಯಲ್ಲೇ ಇರ್ತದೆ. ನನಗೆ ಅಂತ ಒಂದು ಹೊಸದು ಕಟ್ಟಿ ಕೊಡಿ. ಅಳತೆ ತಕಳ್ಳಿ."

ಅವನು ಟೇಪು ತಂದ. ಭುಜದಿಂದ ಮಣಿಕಟ್ಟಿನ ತನಕ ಹಿಡಿದ. ಮುಟ್ಟಲೋ ಬೇಡವೋ ಎಂದು ಮತ್ತೆ ಆ ಅರೆಕ್ಷಣ ತಡೆದ. ಈ ಸಲ ಚಂಪಾ ತಾನೇ ಅವನ ಕೈ ಹಿಡಿದು ತನ್ನ ಮಣಿಕಟ್ಟಿನ ಮೇಲಿಟ್ಟಳು.

"ಎಷ್ಟು ದಿನ ಬೇಕು?"

"ಎರಡು ತಿಂಗಳಾದ್ರೂ ಬೇಕು. ಕಾಯ್ತೀರಾ?"

"ಕಾದದ್ದು ಸಾಕಾಗಿದೆ ನಂಗೆ. ಕಾಯೂದಿಲ್ಲ. ಭಾನುವಾರ ಭಾನುವಾರ ಇಲ್ಲೇ ಬಂದು ಕೂತ್ಕಳ್ತೆ."

ದೇವಾನಂದ ನಕ್ಕ. ನಗುವಿನ ನಡುವೆಯೇ ಅವನಿಗೆ ಏನೋ ನೆನಪಾಗಿ ಮುಖ ಗಂಭೀರವಾಯಿತು.

"ಫ್ರೀವೀಲ್ ಹಾಕೂದು ಬೇಡ ಅಲ್ವಾ? ಆ ಸದ್ದು ನಿಮಗೆ..."

ಚಂಪಾ ಅಂಗಡಿಯ ಗೋಡೆಗೆ ಒರಗಿದ್ದ ಹಸಿರು ಸೈಕಲ್ಲನ್ನೊಮ್ಮೆ ನೋಡಿದಳು. ಆಮೇಲೆ ಅವನನ್ನು ನೋಡಿದಳು.

"ಹಾಕಿ" ಎಂದಳು. "ನಾನು ಬರೂದು ನಿಮಗೆ ತಿರುವಿನಲ್ಲೇ ಕೇಳ್ಲಿ."

"ಕೇಳಿದ್ರೆ?"

"ಕೇಳಿದ ಕೂಡ್ಲೇ... ಚಹಾಕ್ಕೆ ಇಡಿ."